ಬ್ರಿಟನ್ನಿನ ಹಳೆ ಊರುಗಳ ಫೋಟೋ: ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಗಿರಣಿ ಊರಿನವ:

ಇಂಗ್ಲೆಂಡಿನ ಹಳೆ ಊರುಗಳ ಕಪ್ಪು-ಬಿಳುಪು ಫೋಟೋ ನೋಡುವ ಚಟ ಇಲ್ಲಿ ನನಗೊಬ್ಬನಿಗೇ ಇಲ್ಲ ಅಂತ ಗೊತ್ತು. ಅದಕ್ಕೇ ಈ ಚರ್ಚೆ. ನನ್ನೂರು ದಾವಣಗೆರೆ, ಈಗ ಇರುವುದು ಬೋಲ್ಟನ್. 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡ ಊರು ಬಿಟ್ಟು ಅಸಲಿ ಮ್ಯಾಂಚೆಸ್ಟರಿನ ಮಗ್ಗುಲಿಗೆ ಬಂದು ಕೂತಿದ್ದೇನೆ. ಹತ್ತಿ ಗಿರಣಿಗಳು ಎರಡೂ ಕಡೆ ಬಾಗಿಲು ಹಾಕಿವೆ.

ಬೋಲ್ಟನ್ನಿನ ಹಳೆ ಚಿತ್ರ ಅಂದ ಕೂಡಲೇ ಸಿಗುವುದು ಹಂಫ್ರಿ ಸ್ಪೆಂಡರ್ ತೆಗೆದವು. 1937ರಲ್ಲಿ 'ಮಾಸ್ ಅಬ್ಸರ್ವೇಶನ್' ಅನ್ನುವ ಗುಂಪು, ಸಾಮಾನ್ಯ ಜನ ದಿನಾ ಹೇಗೆ ಬದುಕುತ್ತಾರೆ ಅಂತ ಬರೆದಿಡಲು ಈ ಊರನ್ನು ಆರಿಸಿಕೊಂಡಿತು. ಬರಹಗಳಲ್ಲಿ ಊರಿನ ಹೆಸರು ಹೇಳದೆ 'ವರ್ಕ್‌ಟೌನ್' ಅಂತ ಕರೆದರು. ಸ್ಪೆಂಡರ್ ಸ್ಥಿತಿವಂತರ ಮನೆಯವನು. ಸಣ್ಣ ಲೈಕಾ ಕ್ಯಾಮೆರಾವನ್ನು ಕೋಟಿನೊಳಗೆ ಮರೆ ಮಾಡಿಕೊಂಡು ಪಬ್ಬು, ಬೀದಿ, ಚುನಾವಣೆ ಸಭೆ ಅಂತ ಸುತ್ತಿದ. ಕದ್ದು ತೆಗೆದ ಚಿತ್ರಗಳಾದ್ದರಿಂದ ಯಾರೂ ಕ್ಯಾಮೆರಾಗೆ ಪೋಸು ಕೊಟ್ಟಿಲ್ಲ.

ನನಗೆ ಇಷ್ಟ ಹಿತ್ತಲ ಓಣಿಯ ಚಿತ್ರಗಳು. ಎರಡು ಸಾಲು ಇಟ್ಟಿಗೆ ಮನೆ, ನಡುವೆ ಕಲ್ಲು ಹಾಸಿದ ಓಣಿ, ಅಡ್ಡಡ್ಡ ಹಗ್ಗ, ಹಗ್ಗದ ತುಂಬ ಬಿಳಿ ಬಟ್ಟೆ, ಹಿಂದೆ ಗಿರಣಿ ಚಿಮಣಿ. ಸೋಮವಾರ ಊರಿಗೆ ಊರೇ ಬಟ್ಟೆ ಒಗೆಯುವ ದಿನ. ಆ ಹೊಗೆಯಡಿ ಬಿಳಿ ಬಟ್ಟೆ ಒಣಗಿಸುವ ಹೆಂಗಸರ ಪಾಡು ಯೋಚಿಸಿ. ಅದೇ ಹೆಂಗಸರು ಮನೆಮುಂದಿನ ಮೆಟ್ಟಿಲನ್ನು 'ಡಾಂಕಿ ಸ್ಟೋನ್' ಅನ್ನುವ ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ಆ ಕಲ್ಲನ್ನು ದುಡ್ಡು ಕೊಟ್ಟು ತರಬೇಕಿರಲಿಲ್ಲ. ಗಾಡಿಯಲ್ಲಿ ಬರುವ ಚಿಂದಿಯವನಿಗೆ ಹಳೆ ಬಟ್ಟೆ ಕೊಟ್ಟರೆ ಸಿಗುತ್ತಿತ್ತು, ನಮ್ಮಲ್ಲಿ ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದರಲ್ಲ, ಹಾಗೆ.

ನಿಮ್ಮ ಹತ್ತಿರ ಇರುವ ಚಿತ್ರ, ಕೇಳಿದ ಕತೆ, ಕಂಡ ಊರು, ಏನಿದ್ದರೂ ಹಾಕಿ. ಜತೆಗೆ ಒಂದು ಪ್ರಶ್ನೆ. ಇಸವಿ ಬರೆದಿಲ್ಲದ ಬೀದಿ ಫೋಟೋ ಸಿಕ್ಕರೆ ಯಾವ ಕಾಲದ್ದು ಅಂತ ಹೇಗೆ ಪತ್ತೆ ಹಚ್ಚುತ್ತೀರಿ?

ಹಳೇ ಕಾರ್ಡು:

ಇದು ನನ್ನ ಇಷ್ಟದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಚಿತ್ರ ಅಂಚೆ ಕಾರ್ಡಿನ ಮೇಲಿದ್ದರೆ ಮೊದಲು ತಿರುಗಿಸಿ ಹಿಂಬದಿ ನೋಡಿ. ಬ್ರಿಟನ್ನಿನಲ್ಲಿ ಅಂಚೆ ಇಲಾಖೆಯ ಕಾರ್ಡು ಬಂದದ್ದು 1870ರ ಅಕ್ಟೋಬರ್ 1ರಂದು. ಅದರಲ್ಲಿ ಚಿತ್ರ ಇರಲಿಲ್ಲ. ಖಾಸಗಿಯವರು ಕಾರ್ಡು ಅಚ್ಚು ಹಾಕಿ ಮಾರಲು ಒಪ್ಪಿಗೆ ಸಿಕ್ಕಿದ್ದು 1894ರಲ್ಲಿ. ಆಗಲೂ ಹಿಂಬದಿ ವಿಳಾಸಕ್ಕೆ ಮಾತ್ರ, ಸಮಾಚಾರವನ್ನು ಚಿತ್ರದ ಕಡೆಯೇ ಒತ್ತಿ ಬರೆಯಬೇಕಿತ್ತು. 1902ರಲ್ಲಿ ಹಿಂಬದಿಗೆ ನಡುಗೆರೆ ಬಂತು. ಎಡಕ್ಕೆ ಸಮಾಚಾರ, ಬಲಕ್ಕೆ ವಿಳಾಸ. ಗೆರೆ ಇದ್ದರೆ 1902ಕ್ಕಿಂತ ಹಳೆಯದಲ್ಲ ಅಂದುಕೊಳ್ಳಿ. ಸ್ಟಾಂಪು ಅರ್ಧ ಪೆನ್ನಿಯದಾಗಿದ್ದರೆ ಸಾಮಾನ್ಯವಾಗಿ 1918ಕ್ಕಿಂತ ಮುಂಚಿನದು, ಆ ವರ್ಷ ದರ ಒಂದು ಪೆನ್ನಿ ಆಯಿತು. ಆದರೆ ಅಂಚೆ ಮುದ್ರೆಯ ತಾರೀಖು ಕಾರ್ಡು ಹಾಕಿದ ದಿನವನ್ನು ಮಾತ್ರ ಹೇಳುತ್ತದೆ. ಚಿತ್ರ ಅದಕ್ಕೂ ಎಷ್ಟೋ ವರ್ಷ ಹಿಂದಿನದಿರಬಹುದು. ಒಂದೇ ಚಿತ್ರವನ್ನು ಅಂಗಡಿಯವರು ವರ್ಷಗಟ್ಟಲೆ ಮಾರುತ್ತಿದ್ದರು.

ಈಗ ಚಿತ್ರಕ್ಕೆ ಬನ್ನಿ. ಊರ ನಡುವೆ ಯುದ್ಧಸ್ಮಾರಕ ಇದೆಯಾ? ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಇಲ್ಲದ ಊರು ಕಡಿಮೆ. ಈಗ ಕಲ್ಲಿರುವ ಜಾಗ ಚಿತ್ರದಲ್ಲಿ ಖಾಲಿ ಇದ್ದರೆ, ಹೆಚ್ಚುಕಡಿಮೆ 1920ರ ಒಳಗಿನದು. ಮನೆಮುಂದಿನ ಗೋಡೆ ಮೇಲೆ ಕಬ್ಬಿಣದ ಕಂಬಿಬೇಲಿ ಇದೆಯಾ? ಎರಡನೇ ಯುದ್ಧದಲ್ಲಿ ಮದ್ದುಗುಂಡಿಗೆ ಬೇಕು ಅಂತ ಸರ್ಕಾರ ಬೀದಿಬೀದಿಯ ಕಂಬಿ ಕೊಯ್ಸಿಕೊಂಡು ಹೋಯಿತು. ಇವತ್ತಿಗೂ ಗೋಡೆ ಮೇಲೆ ಕೈಯಾಡಿಸಿ, ಕೊಯ್ದ ಕಂಬಿಯ ಮೊಂಡು ಬುಡ ಬೆರಳಿಗೆ ಸಿಗುತ್ತದೆ. ಕೂಡುರಸ್ತೆಯಲ್ಲಿ ಕೈಕಂಬದ ಫಲಕ ಮಾಯವಾಗಿದ್ದರೆ 1940ರ ಸುಮಾರು. ಜರ್ಮನ್ನರು ಬಂದಿಳಿದರೆ ದಾರಿ ತಿಳಿಯಬಾರದು ಅಂತ ಕಿತ್ತಿಟ್ಟಿದ್ದರು.

ಚಾವಣಿ ಮೇಲೆ ಇಂಗ್ಲಿಷಿನ 'ಎಚ್' ಆಕಾರದ ಟಿವಿ ಆಂಟೆನಾ ಇದ್ದರೆ 1950ರ ದಶಕಕ್ಕೆ ಬಂದಿರಿ. 1953ರ ಜೂನ್ 2ಕ್ಕೆ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ, ಅದನ್ನು ನೋಡಲೆಂದೇ ಎಷ್ಟೋ ಮನೆಯವರು ಟಿವಿ ತಂದರು. ರಸ್ತೆಯಲ್ಲಿ ಜೀಬ್ರಾ ಪಟ್ಟೆ ಇದ್ದರೆ 1951ರಿಂದ ಈಚೆಗೆ. ಕಾರಿನ ನಂಬರ್ ಪ್ಲೇಟಿನ ಕೊನೆಯಲ್ಲಿ ವರ್ಷ ತೋರಿಸುವ ಅಕ್ಷರ ಇದ್ದರೆ 1963ರಿಂದ ಈಚೆಗೆ. ಅಂಗಡಿ ಕಿಟಕಿಯ ಬೆಲೆಪಟ್ಟಿಯಲ್ಲಿ ಶಿಲ್ಲಿಂಗ್ ಇದ್ದರೆ 1971ರ ಫೆಬ್ರವರಿ 15ಕ್ಕೆ ಮುಂಚೆ. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. ನಾವು ಆಣೆ-ಪೈ ಬಿಟ್ಟು ನಯಾಪೈಸೆಗೆ ಬಂದದ್ದು 1957ರಲ್ಲೇ. ಈ ಒಂದು ವಿಷಯದಲ್ಲಿ ಅವರಿಗಿಂತ ನಾವು ಮುಂದೆ!

ಕೊನೆಗೆ ಕೆಂಪು ಅಂಚೆ ಡಬ್ಬ. ಮೇಲೆ ಆಗಿನ ರಾಜ ಅಥವಾ ರಾಣಿಯ ಹೆಸರಿನ ಅಕ್ಷರ ಇರುತ್ತದೆ. ಸ್ಕಾಟ್ಲೆಂಡಿನಲ್ಲಿ ಹುಷಾರು. ಮೊದಲನೇ ಎಲಿಜಬೆತ್ ಸ್ಕಾಟ್ಲೆಂಡನ್ನು ಆಳಲೇ ಇಲ್ಲ, ಹಾಗಿರುವಾಗ ಇವಳು 'ಎರಡನೇ' ಹೇಗಾದಳು ಅಂತ ಅಲ್ಲಿ ಗಲಾಟೆ. ಎಡಿನ್‌ಬರೋದಲ್ಲಿ ಹೊಸದಾಗಿ ನೆಟ್ಟಿದ್ದ ಒಂದು ಡಬ್ಬವನ್ನು 1953ರ ಫೆಬ್ರವರಿಯಲ್ಲಿ ಸಿಡಿಸಿಯೇ ಬಿಟ್ಟರು. ಆಮೇಲೆ ಅಲ್ಲಿನ ಡಬ್ಬಗಳ ಮೇಲೆ ಸ್ಕಾಟ್ಲೆಂಡಿನ ಕಿರೀಟದ ಗುರುತು ಮಾತ್ರ.

ಬೆಳಗಾವಿ ಹುಡುಗ:

ಎಲ್ಲ ಸರಿ ಸಾರ್. ಆದರೆ ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮನ್ನು ಇನ್ನೂರು ವರ್ಷ ಹಿಂಡಿದವರ ಊರು ನೆನೆಸಿಕೊಂಡು ನಾವ್ಯಾಕೆ ಕಣ್ಣು ಒದ್ದೆ ಮಾಡ್ಕೋಬೇಕು? ನಮ್ಮ ಊರುಗಳ ಹಳೆ ಫೋಟೋ ಹುಡುಕೋರಿಲ್ಲ, ಅವರ ಓಣಿಯ ಬಟ್ಟೆ ಹಗ್ಗ ನೋಡ್ತಾ ಕೂತಿದ್ದೀರಿ.

ಗಿರಣಿ ಊರಿನವ:

ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರವೂ ಒಂದು ಫೋಟೋ. 1931ರ ಸೆಪ್ಟೆಂಬರ್. ದುಂಡುಮೇಜಿನ ಸಭೆಗೆ ಬಂದಿದ್ದ ಗಾಂಧೀಜಿ ಲ್ಯಾಂಕಷೈರಿನ ಡಾರ್ವೆನ್ ಊರಿಗೆ ಹೋದರು. ಬೋಲ್ಟನ್ನಿನಿಂದ ದೂರವೇನಿಲ್ಲ. ನಮ್ಮ ವಿದೇಶಿ ಬಟ್ಟೆ ಬಹಿಷ್ಕಾರದಿಂದಲೂ ಅಲ್ಲಿನ ಗಿರಣಿಗಳಿಗೆ ಏಟು ಬಿದ್ದಿತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡು ಕೂತಿದ್ದರು. ಫೋಟೋದಲ್ಲಿ ಗಾಂಧೀಜಿ ಬಿಳಿ ಹೊದಿಕೆಯಲ್ಲಿ ನಿಂತಿದ್ದಾರೆ. ಸುತ್ತ ಗಿರಣಿಯ ಹೆಣ್ಣಾಳುಗಳು. ಒಬ್ಬಳ ಮುಖದಲ್ಲೂ ಸಿಟ್ಟಿಲ್ಲ. ಕೈ ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದಾರೆ.

ಲಾಭ ಎಣಿಸಿದವರು ಬೇರೆ, ಈ ಓಣಿಗಳಲ್ಲಿದ್ದವರು ಬೇರೆ. ನಾನು ನೋಡುವುದು ಎರಡನೆಯವರನ್ನು. ಅವರು ನೇಯ್ದ ಬಟ್ಟೆ ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆಯಿತು ಅನ್ನುವುದನ್ನೂ ಮರೆತಿಲ್ಲ. ಎರಡೂ ಒಟ್ಟಿಗೆ ತಲೆಯಲ್ಲಿ ಇರಲಿ ಬಿಡಿ.

ಕಣಿವೆ ಡಾಕ್ಟರ್:

ಗಿರಣಿ ಊರಿನವರೇ, ನನ್ನ ಕಡೆಯದ್ದೂ ಸೇರಿಸಿ. ನಾನು 1970ರ ದಶಕದಲ್ಲಿ ಸೌತ್ ವೇಲ್ಸಿನ ರೋಂಡಾ ಕಣಿವೆಗೆ ಬಂದವನು. ಆಗ ಅಲ್ಲಿ ಡಾಕ್ಟರಾಗಿ ಕೂರಲು ಇಲ್ಲಿನವರು ಅಷ್ಟಾಗಿ ಬರುತ್ತಿರಲಿಲ್ಲ. ಹೀಗಾಗಿ ಕಣಿವೆ ಕಣಿವೆಯಲ್ಲೂ ಭಾರತ, ಪಾಕಿಸ್ತಾನದ ಡಾಕ್ಟರುಗಳೇ.

ಇಲ್ಲಿನ ಹಳೆ ಚಿತ್ರ ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕೈಗಾರಿಕೆಯ ಊರು ಅಂದರೆ ಹಿಂದೆ ಹಸಿರಾಗಿತ್ತು, ಈಗ ಕೆಟ್ಟಿದೆ ಅಂತ ಅಲ್ವಾ ನಮ್ಮ ಲೆಕ್ಕ? ಇಲ್ಲಿ ತಿರುಗುಮುರುಗು. 1913ರ ಸುಮಾರಿನ ಚಿತ್ರದಲ್ಲಿ ಬೆಟ್ಟ ಕಪ್ಪು, ಹೊಳೆ ಕಪ್ಪು, ಆಕಾಶ ಕಪ್ಪು. ಆ ವರ್ಷ ಸೌತ್ ವೇಲ್ಸ್ ಸುಮಾರು 5.7 ಕೋಟಿ ಟನ್ ಕಲ್ಲಿದ್ದಲು ತೆಗೆಯಿತು, ಮುಂದೆ ಯಾವತ್ತೂ ಅಷ್ಟು ತೆಗೆಯಲಿಲ್ಲ. ಈಗ ಅದೇ ಜಾಗಕ್ಕೆ ಹೋಗಿ ನಿಂತರೆ ಕಾಣುವುದೆಲ್ಲ ಹುಲ್ಲು, ಮರ, ಕುರಿ. ರೋಂಡಾದ ಕೊನೆಯ ಗಣಿ ಮಾರ್ಡಿ 1990ರಲ್ಲಿ ಮುಚ್ಚಿತು. ಹಸಿರಿದೆ, ಕೆಲಸ ಇಲ್ಲ.

ಗಣಿಯವರ ಮನೆಯ ಒಳಗಿನ ಚಿತ್ರ ಸಿಕ್ಕರೆ ಒಲೆ ಮುಂದಿನ ತಗಡಿನ ಸ್ನಾನದ ತೊಟ್ಟಿ ನೋಡಿ. ಗಣಿಬಾಯಿಯಲ್ಲೇ ಸ್ನಾನದ ಮನೆ ಕಟ್ಟುವುದು 1920ರ ದಶಕದಿಂದ ಹೆಚ್ಚಾಯಿತು. ಅದಕ್ಕೂ ಮುಂಚೆ ಗಂಡಸರು ಇದ್ದಿಲಿನ ಗೊಂಬೆ ಹಾಗೆ ಮನೆಗೆ ಬರುತ್ತಿದ್ದರು. ಅಪ್ಪ ಒಂದು ಪಾಳಿ, ದೊಡ್ಡ ಮಗ ಇನ್ನೊಂದು ಪಾಳಿ ಅಂದರೆ ಆ ತಾಯಿ ದಿನವೆಲ್ಲ ನೀರು ಕಾಯಿಸುವುದೇ ಆಯಿತು.

ಊರ ನಡುವೆ ದೊಡ್ಡ ಕಲ್ಲಿನ ಕಟ್ಟಡ ಕಂಡರೆ ಅದು ಬಹುಪಾಲು ಗಣಿ ಕೆಲಸಗಾರರ 'ಇನ್‌ಸ್ಟಿಟ್ಯೂಟ್'. ಕೂಲಿಯಲ್ಲಿ ಪೆನ್ನಿ ಪೆನ್ನಿ ಹಿಡಿದು ಕಟ್ಟಿಸಿದ್ದು. ಒಳಗೆ ಓದುವ ಕೋಣೆ, ಲೈಬ್ರರಿ. ಹತ್ತಿರದ ಟ್ರೆಡಿಗರ್ ಊರಿನಲ್ಲಿ ಹೀಗೆ ವಂತಿಗೆ ಹಾಕಿ ಡಾಕ್ಟರನ್ನೂ ಇಟ್ಟುಕೊಂಡಿದ್ದರು. ಆ ಊರಿನ ಅನ್ಯೂರಿನ್ ಬೆವನ್ ಮಂತ್ರಿಯಾಗಿ ಅದನ್ನೇ ದೇಶಕ್ಕೆಲ್ಲ ಹಿಗ್ಗಿಸಿದ್ದು, 1948ರ ಜುಲೈ 5ರಂದು ಶುರುವಾದ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆ. ನಮ್ಮಂಥ ಎಷ್ಟೋ ಜನರ ಅನ್ನದ ಮೂಲ.

ನನ್ನ ಹತ್ತಿರ ಬರುತ್ತಿದ್ದ ಮುದುಕರಲ್ಲಿ ಜಾಸ್ತಿ ಜನಕ್ಕೆ ಎದೆಯಲ್ಲಿ ಕಲ್ಲಿದ್ದಲು ಧೂಳು. ಮಾತಾಡಿಸಿದರೆ 'ಆ ಕಾಲ ಎಷ್ಟು ಚೆನ್ನಾಗಿತ್ತು ಡಾಕ್ಟ್ರೇ' ಅನ್ನುವರು. ಮಧ್ಯೆ ಮಧ್ಯೆ ಕೆಮ್ಮು. ಫೋಟೋದಲ್ಲಿ ಆ ಕೆಮ್ಮು ಕೇಳಿಸುವುದಿಲ್ಲ. ಆದರೆ ಅವರು ಹೇಳುತ್ತಿದ್ದದ್ದು ಸುಳ್ಳೂ ಅಲ್ಲ.

ಲೆಸ್ಟರ್ ಅಕ್ಕ:

ಡಾಕ್ಟ್ರೇ, ಕೊನೇ ಮಾತು ಚೆನ್ನಾಗಿದೆ. ಆದರೆ ಆ 'ಚೆನ್ನಾಗಿತ್ತು' ಅನ್ನುವುದರಲ್ಲಿ ಎರಡು ಜಾತಿ ಇದೆ ನೋಡಿ.

ನಾನು ಲೆಸ್ಟರಿನ ಹಳೆ ಚಿತ್ರಗಳ ಗುಂಪೊಂದರಲ್ಲಿದ್ದೇನೆ. ಬೆಲ್‌ಗ್ರೇವ್ ರಸ್ತೆಯ 1960ರ ಚಿತ್ರ ಯಾರಾದರೂ ಹಾಕಿದರೆ ಸಾಕು. ಒಂದಿಷ್ಟು ಜನ 'ಆ ಮೂಲೆ ಅಂಗಡಿಯಲ್ಲಿ ನಾನು ಮಿಠಾಯಿ ತಗೊಳ್ತಿದ್ದೆ' ಅಂತ ಬರೆಯುತ್ತಾರೆ, ಓದಲು ಖುಷಿ. ಇನ್ನೊಂದಿಷ್ಟು ಜನ 'ಆಗ ಎಷ್ಟು ಚೆನ್ನಾಗಿತ್ತು' ಅಂತ ಮಾತ್ರ ಬರೆಯುತ್ತಾರೆ. ಅಂದರೆ ನೀವೆಲ್ಲ ಬರುವ ಮುಂಚೆ ಅಂತ.

1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನದ ಗಡುವು ಕೊಟ್ಟು ಓಡಿಸಿದ. ಸುಮಾರು 28 ಸಾವಿರ ಜನ ಬ್ರಿಟನ್ನಿಗೆ ಬಂದರು. ಆಗ ಲೆಸ್ಟರ್ ನಗರಸಭೆ ಉಗಾಂಡದ ಪೇಪರಿನಲ್ಲಿ ಜಾಹೀರಾತು ಹಾಕಿತು. ಇಲ್ಲಿ ಮನೆ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ, ದಯವಿಟ್ಟು ಬರಬೇಡಿ ಅನ್ನುವ ಅರ್ಥದ್ದು. ಕೆಲವರಿಗೆ ಲೆಸ್ಟರ್ ಅನ್ನುವ ಊರು ಇದೆ ಅಂತ ಗೊತ್ತಾದದ್ದೇ ಆ ಜಾಹೀರಾತಿನಿಂದ ಅಂತ ಇಲ್ಲಿ ಈಗಲೂ ನಗುತ್ತಾರೆ. ಬಂದವರು ಬೆಲ್‌ಗ್ರೇವಿನಲ್ಲಿ ಖಾಲಿ ಬಿದ್ದಿದ್ದ ಅಂಗಡಿಗಳನ್ನು ಹಿಡಿದರು. ಸೀರೆ, ಒಡವೆ, ಮಿಠಾಯಿ. ಈಗ ದೀಪಾವಳಿಗೆ ಆ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇನ್ನೊಂದು. ಹಳೆ ಚಿತ್ರದಲ್ಲಿ ನಮ್ಮವರು ಇರಲೇ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಲಂಡನ್ನಿನ ಹ್ಯಾಕ್ನಿಯಲ್ಲಿ 'ಆಯಾಗಳ ಮನೆ' ಅಂತ ಇತ್ತು. ಬ್ರಿಟಿಷ್ ಸಂಸಾರಗಳ ಜತೆ ಮಕ್ಕಳನ್ನು ನೋಡಿಕೊಳ್ಳಲು ಹಡಗಿನಲ್ಲಿ ಬಂದ ಆಯಾಗಳನ್ನು ಊರು ಸೇರಿದ ಮೇಲೆ ಕೈಬಿಡುತ್ತಿದ್ದದ್ದೂ ಉಂಟು. ವಾಪಸ್ ಹೋಗುವ ಸಂಸಾರ ಸಿಗುವ ತನಕ ಅವರು ಅಲ್ಲಿ ಇರುತ್ತಿದ್ದರು. ಆ ಮನೆಯ ಫೋಟೋಗಳಿವೆ. ಸೀರೆ ಉಟ್ಟ ಹೆಂಗಸರು, ಸುತ್ತ ವಿಕ್ಟೋರಿಯಾ ಕಾಲದ ಕುರ್ಚಿ ಮೇಜು. 2022ರಲ್ಲಿ ಆ ಕಟ್ಟಡಕ್ಕೆ ಇತಿಹಾಸದ ಗುರುತಾಗಿ ನೀಲಿ ಫಲಕ ಹಾಕಿದರು.

ರೈಲು ಹುಚ್ಚ:

ಎಲ್ಲರೂ ಗಂಭೀರ ಆಗಿಬಿಟ್ಟಿರಿ. ಸ್ಟೇಷನ್ ಫೋಟೋ ಯಾರೂ ಹಾಕಲ್ವಾ?

ಹಳ್ಳಿ ಸ್ಟೇಷನ್ನಿನ ಹಳೆ ಚಿತ್ರದಲ್ಲಿ ಹಾಲಿನ ಕ್ಯಾನು, ಹೂವಿನ ಕುಂಡ, ಜೇಬಿಗೆ ಗಡಿಯಾರದ ಸರಪಳಿ ಸಿಕ್ಕಿಸಿದ ಸ್ಟೇಷನ್ ಮಾಸ್ಟರ್ ಇರಲೇಬೇಕು. ಇವೆಲ್ಲ ಗುಡಿಸಿಕೊಂಡು ಹೋದದ್ದು ಒಂದು ವರದಿ. 1963ರ ಮಾರ್ಚ್ 27ರಂದು ರೈಲ್ವೆಯ ಮುಖ್ಯಸ್ಥ ಡಾ. ಬೀಚಿಂಗ್ ಕೊಟ್ಟದ್ದು. ನಷ್ಟದ 2,363 ಸ್ಟೇಷನ್ ಮುಚ್ಚಿ, ಸುಮಾರು 5,000 ಮೈಲಿ ಹಳಿ ಕಿತ್ತುಹಾಕಿ ಅಂತ. ಎಲ್ಲವೂ ಅದರಂತೆ ಆಗಲಿಲ್ಲ, ಬಹುಪಾಲು ಆಯಿತು. ಬ್ರಿಟನ್ನಿನ ಹಳೆಯವರ ಮುಂದೆ ಬೀಚಿಂಗ್ ಹೆಸರು ಎತ್ತಿ ನೋಡಿ, ಇವತ್ತಿಗೂ ಬೈಗುಳ ಗ್ಯಾರಂಟಿ.

ನನ್ನ ಇಷ್ಟದ ಕತೆ ವೇವರ್ಲಿ ಮಾರ್ಗದ್ದು, ಎಡಿನ್‌ಬರೋದಿಂದ ಕಾರ್ಲೈಲ್‌ಗೆ. 1969ರ ಜನವರಿಯಲ್ಲಿ ಕೊನೆಯ ರೈಲು. ರಾತ್ರಿ ಹೊತ್ತು ನ್ಯೂಕ್ಯಾಸಲ್‌ಟನ್ ಹಳ್ಳಿಯವರು ಲೆವೆಲ್ ಕ್ರಾಸಿಂಗಿನ ಗೇಟು ಹಾಕಿ ಅಡ್ಡ ನಿಂತುಬಿಟ್ಟರು. ಪೊಲೀಸರು ಹಿಡಿದದ್ದು ಯಾರನ್ನು ಅಂದುಕೊಂಡಿರಿ? ಊರ ಚರ್ಚಿನ ಪಾದ್ರಿಯನ್ನು! ಅದೇ ರೈಲಿನಲ್ಲಿದ್ದ ಎಂಪಿ ಡೇವಿಡ್ ಸ್ಟೀಲ್ ಇಳಿದು ಬಂದು ರಾಜಿ ಮಾಡಿಸಿದ. ಪಾದ್ರಿಯನ್ನು ಬಿಟ್ಟರೆ ರೈಲನ್ನು ಬಿಡುತ್ತೇವೆ ಅಂತ ಒಪ್ಪಂದ. ಆ ಮಾರ್ಗದ ಎಡಿನ್‌ಬರೋ ಕಡೆಯ ಭಾಗ 2015ರ ಸೆಪ್ಟೆಂಬರಿನಲ್ಲಿ ಮತ್ತೆ ಶುರುವಾಯಿತು. ನ್ಯೂಕ್ಯಾಸಲ್‌ಟನ್ನಿಗೆ ಮಾತ್ರ ರೈಲು ಇನ್ನೂ ಬಂದಿಲ್ಲ.

ಸಾಗರದ ಕಡೆಯವಳು:

ಮುಳುಗಿದ ಊರುಗಳ ಚಿತ್ರ ಯಾರಾದರೂ ನೋಡಿದ್ದೀರಾ? ನಮ್ಮ ಅಮ್ಮನ ತವರು ಶರಾವತಿ ಹಿನ್ನೀರಿನಲ್ಲಿ ಹೋಯಿತು, ಹಾಗಾಗಿ ಇಂಥವು ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ.

ವೇಲ್ಸಿನ ಉತ್ತರದಲ್ಲಿ ಕಾಪೆಲ್ ಕೆಲಿನ್ ಅಂತ ಹಳ್ಳಿ ಇತ್ತು. ಒಂದು ಶಾಲೆ, ಪೋಸ್ಟಾಫೀಸು, ಪ್ರಾರ್ಥನಾ ಮಂದಿರ, ಹನ್ನೆರಡು ಮನೆ-ಹೊಲ. ಎಲ್ಲರೂ ವೆಲ್ಷ್ ಭಾಷೆ ಮಾತಾಡುವವರು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ 1957ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. ವೇಲ್ಸಿನ ಎಂಪಿಗಳಲ್ಲಿ ಬಹುಪಾಲು ಜನ ಅದಕ್ಕೆ ವಿರುದ್ಧವಿದ್ದರು. ಆದರೂ ಪಾಸಾಯಿತು. 1965ರಲ್ಲಿ ಊರು ನೀರಡಿ ಹೋಯಿತು. ನಮ್ಮ ಲಿಂಗನಮಕ್ಕಿ 1964. ಅಲ್ಲಿಂದ ಇಲ್ಲಿಗೆ ಒಂದೇ ವರ್ಷದ ಅಂತರ.

ಊರಿನವರು ಲಿವರ್‌ಪೂಲಿನ ಬೀದಿಯಲ್ಲಿ ಮೆರವಣಿಗೆ ಹೋದ ಚಿತ್ರಗಳಿವೆ. ಕೈಯಲ್ಲಿ ಫಲಕ, ಮೈಮೇಲೆ ಭಾನುವಾರ ಚರ್ಚಿಗೆ ಹಾಕುವ ಕೋಟು. ಬೇಡಿಕೊಳ್ಳಲು ಹೋಗುವಾಗಲೂ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿದ್ದಾರೆ. ನನಗೆ ಆ ಕೋಟುಗಳನ್ನು ನೋಡಿದಾಗಲೇ ಜಾಸ್ತಿ ಸಂಕಟ ಆಗುವುದು. ಆಮೇಲೆ ಒಂದು ಹಾಳುಗೋಡೆಯ ಮೇಲೆ ಯಾರೋ 'ಕೋವಿಯುಖ್ ಡ್ರವೆರಿನ್' ಅಂತ ಬಳಿದರು. ಆ ಊರಿದ್ದ ತ್ರವೆರಿನ್ ಕಣಿವೆಯನ್ನು ಮರೆಯಬೇಡಿ ಅಂತ. ಆ ಗೋಡೆ ಈಗಲೂ ಇದೆ. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು.

ರೈಲು ಹುಚ್ಚ:

ನೀರಿಲ್ಲದೆಯೂ ಊರು ಹೋಗುತ್ತದೆ. ಡಾರ್ಸೆಟ್ಟಿನ ಟೈನಮ್ ನೋಡಿ. 1943ರ ಡಿಸೆಂಬರಿನಲ್ಲಿ ಸೈನ್ಯದ ತರಬೇತಿಗೆ ಅಂತ ಊರು ಖಾಲಿ ಮಾಡಿಸಿದರು. ಯುದ್ಧ ಮುಗಿದ ಮೇಲೆ ವಾಪಸ್ ಬರುತ್ತೇವೆ, ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ ಅಂತ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಯಾರನ್ನೂ ವಾಪಸ್ ಬಿಡಲಿಲ್ಲ. ಜಾಗ ಈಗಲೂ ಸೈನ್ಯದ ಕೈಯಲ್ಲಿದೆ, ವಾರಾಂತ್ಯದಲ್ಲಿ ಬಹಳ ಸಲ ನೋಡಲು ಬಿಡುತ್ತಾರೆ.

ಹಳೇ ಕಾರ್ಡು:

ಅಕ್ಕ ಹೇಳಿದ 'ಎರಡು ಜಾತಿ'ಗೆ ನನ್ನದೊಂದು ಮಾತು. ಚಿತ್ರ ಯಾಕೆ ತೆಗೆದರು ಅಂತ ಕೇಳಿಕೊಂಡರೆ ಅರ್ಧ ಸಂಗತಿ ಬಿಚ್ಚಿಕೊಳ್ಳುತ್ತದೆ.

ಫ್ರಾನ್ಸಿಸ್ ಫ್ರಿತ್ ಲಿವರ್‌ಪೂಲಿನಲ್ಲಿ ದಿನಸಿ ವ್ಯಾಪಾರ ಮಾಡಿ ದುಡ್ಡು ಮಾಡಿದವನು. ಅಂಗಡಿ ಮಾರಿ ಈಜಿಪ್ಟ್, ಪ್ಯಾಲೆಸ್ಟೈನ್ ಸುತ್ತಿ ಫೋಟೋ ತೆಗೆದ. 1860ರಲ್ಲಿ ಸರ್ರೆಯ ರೈಗೇಟಿನಲ್ಲಿ ಕಂಪನಿ ಶುರು ಮಾಡಿ, ಬ್ರಿಟನ್ನಿನ ಊರೂರನ್ನೂ ಚಿತ್ರ ಹಿಡಿದು ಮಾರಲು ಹೊರಟ. ಅವನು 1898ರಲ್ಲಿ ತೀರಿಕೊಂಡ ಮೇಲೂ ಕಂಪನಿ 1970ರ ಸುಮಾರಿನ ತನಕ ನಡೆಯಿತು. ಬ್ರಿಟನ್ನಿನ ಹಳ್ಳಿ ಅಂದರೆ ನಮ್ಮ ಕಣ್ಣಿಗೆ ಕಟ್ಟುವ ರೂಪದಲ್ಲಿ ಇವರ ಪಾಲು ದೊಡ್ಡದು. ಆದರೆ ಇದು ಪ್ರವಾಸಿಗಳಿಗೆ ಮಾರುವ ಸರಕು. ಸೇತುವೆ, ಚರ್ಚು, ಹೊಳೆ ದಡ ಇರುತ್ತದೆ. ಕೊಚ್ಚೆ ಇರುವುದಿಲ್ಲ.

ಥಾಮಸ್ ಅನ್ನನ್‌ನದು ಬೇರೆ. 1868ರಲ್ಲಿ ಗ್ಲಾಸ್ಗೊದಲ್ಲಿ ಹಳೆ ಕೊಳೆಗೇರಿ ಕೆಡವಲು ಹೊರಟವರು, ಕೆಡವುವ ಮುಂಚೆ ಚಿತ್ರ ಇರಲಿ ಅಂತ ಅವನನ್ನು ಕರೆಸಿದರು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಓಣಿ, ನೆಲದಲ್ಲಿ ಮಿಣುಗುವ ಕೊಳಚೆ, ಮೇಲೆ ಬಿಳಿ ಚೂರು ಆಕಾಶ. ಆಗ ಕ್ಯಾಮೆರಾದ ಗಾಜಿನ ಫಲಕದ ಮೇಲೆ ಚಿತ್ರ ಮೂಡಲು ಹೊತ್ತು ಹಿಡಿಯುತ್ತಿತ್ತು. ಅಲುಗಾಡಿದವರು ಮಂಜಿನ ಹಾಗೆ ಕಲೆಸಿಹೋಗಿದ್ದಾರೆ, ಪೂರ್ತಿ ನಡೆದು ಹೋದವರು ಬಿದ್ದೇ ಇಲ್ಲ. ಹಳೆ ಚಿತ್ರದಲ್ಲಿ ಬೀದಿ ಖಾಲಿ ಇದ್ದರೆ 'ಆಗ ಜನವೇ ಇರಲಿಲ್ಲ, ಎಷ್ಟು ನೆಮ್ಮದಿ' ಅನ್ನುವವರಿಗೆ ಇದನ್ನು ತೋರಿಸಿ.

ಗಿರಣಿ ಊರಿನವ:

ಖಾಲಿ ಬೀದಿಗೆ ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. 'ವೇಕ್ಸ್ ವೀಕ್'. ಲ್ಯಾಂಕಷೈರಿನಲ್ಲಿ ಒಂದೊಂದು ಊರಿಗೆ ಒಂದೊಂದು ವಾರ, ಎಲ್ಲ ಗಿರಣಿ ಒಟ್ಟಿಗೆ ರಜೆ. ಇಡೀ ಊರು ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ. ಪಕ್ಕದ ಮನೆಯವರೇ ಅಲ್ಲೂ ಪಕ್ಕದ ಕೋಣೆಯಲ್ಲಿ! ಸಂಬಳ ಸಹಿತ ರಜೆಗೆ ಕಾಯ್ದೆ ಬಂದದ್ದು 1938ರಲ್ಲಿ, ಅಲ್ಲಿಯ ತನಕ ವರ್ಷವೆಲ್ಲ ಚೀಟಿ ಕಟ್ಟಿ ಕೂಡಿಟ್ಟ ದುಡ್ಡಲ್ಲೇ ಆಗಬೇಕಿತ್ತು. ಬ್ಲ್ಯಾಕ್‌ಪೂಲ್ ಕಡಲತಡಿಯ ಫೋಟೋ ನೋಡಿ, ಮರಳೇ ಕಾಣದಷ್ಟು ಜನ, ಗಂಡಸರು ಸೂಟು ಟೈನಲ್ಲೇ ಕೂತಿದ್ದಾರೆ. ಬೋಲ್ಟನ್ನಿನ ಆ ವಾರದ ಆಕಾಶ ಮಾತ್ರ ಸ್ವಚ್ಛ. ಚಿಮಣಿ ಉರಿಯುತ್ತಿರಲಿಲ್ಲವಲ್ಲ.

ಲೆಸ್ಟರ್ ಅಕ್ಕ:

ಮಾರುವ ಸರಕು ಅಂದಿರಲ್ಲ, ಅದಕ್ಕೆ ಗೋಲ್ಡ್ ಹಿಲ್ ಸೇರಿಸಿ. 1973ರಲ್ಲಿ ಹೋವಿಸ್ ಬ್ರೆಡ್ಡಿನ ಜಾಹೀರಾತು ಬಂತು, ತೆಗೆದವನು ಮುಂದೆ ಹಾಲಿವುಡ್ ನಿರ್ದೇಶಕನಾದ ರಿಡ್ಲಿ ಸ್ಕಾಟ್. ಕಲ್ಲು ಹಾಸಿದ ಕಡಿದಾದ ಏರಿನಲ್ಲಿ ಒಬ್ಬ ಹುಡುಗ ಬ್ರೆಡ್ ತುಂಬಿದ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ಹಿಂದೆ ಹಿತ್ತಾಳೆ ವಾದ್ಯದ ಸಂಗೀತ. ಜನ ಅದನ್ನು ಯಾರ್ಕ್‌ಷೈರ್ ಅಂದುಕೊಂಡೇ ಕಣ್ಣೊರೆಸಿಕೊಂಡರು. ಆ ಏರು ಇರುವುದು ದಕ್ಷಿಣದ ಡಾರ್ಸೆಟ್ಟಿನ ಷಾಫ್ಟ್ಸ್‌ಬರಿಯಲ್ಲಿ! ನಮ್ಮ ಪಕ್ಕದ ಮನೆಯ ಅಜ್ಜನಿಗೆ ಇದನ್ನು ಹೇಳಿದರೆ ಒಪ್ಪುವುದೇ ಇಲ್ಲ. 'ಅದು ನಮ್ಮ ಬೀದಿ, ನಾನು ಆ ಏರಿನಲ್ಲಿ ಸೈಕಲ್ ತಳ್ಳಿದ್ದೇನೆ' ಅನ್ನುತ್ತಾನೆ.

ಕಣಿವೆ ಡಾಕ್ಟರ್:

ಈಗಿನ ತಲೆನೋವು ಎಐ ಬಣ್ಣದ ಫೋಟೋಗಳು. ಒಂದು ಗುಂಡಿ ಒತ್ತಿ ಬಣ್ಣ ಹಚ್ಚಿ, 'ಜೀವ ಬಂತು' ಅಂತ ಹಾಕುತ್ತಾರೆ. ಮೊನ್ನೆ ಬ್ರಾಡ್‌ಫರ್ಡಿನ 1950ರ ಚಿತ್ರ ಒಂದಕ್ಕೆ ಹಚ್ಚಿದ್ದರು. ಕಟ್ಟಡಗಳೆಲ್ಲ ಜೇನಿನ ಬಣ್ಣ. ಅಯ್ಯೋ, ಆಗ ಅವು ಇದ್ದಿಲ ಬಣ್ಣ ಇದ್ದವು! ನೂರು ವರ್ಷದ ಮಸಿ. 1952ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೊಗೆಮಂಜು ಐದು ದಿನ ಕವಿದು ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಹೊಗೆ ತಡೆಯುವ ಕಾಯ್ದೆ ಬಂತು. ಅದಾದ ಮೇಲೆ ಒಂದೊಂದೇ ಕಟ್ಟಡ ತೊಳೆದರು. ನಾನು ಬಂದ ಹೊತ್ತಿಗೂ ಅರ್ಧ ತೊಳೆದ ಕಟ್ಟಡಗಳಿದ್ದವು, ಒಂದು ಮಗ್ಗುಲು ಕಪ್ಪು, ಇನ್ನೊಂದು ಹಳದಿ. ಪೂರ್ತಿ ಎಐ ಸೃಷ್ಟಿಯೇ ಆದ 'ಹಳೆ ಊರು'ಗಳೂ ಓಡಾಡುತ್ತಿವೆ. ಅಂಗಡಿ ಬೋರ್ಡಿನ ಅಕ್ಷರ ಓದಲು ಹೋಗಿ, ಯಾವ ಭಾಷೆಯೂ ಅಲ್ಲ ಅಂತ ಗೊತ್ತಾಗುತ್ತದೆ.

ಹಳೇ ಕಾರ್ಡು:

ಜಾಗ ಖಾತ್ರಿ ಮಾಡಿಕೊಳ್ಳಲು ಮೂರು ಕಡೆ ಹೋಗಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೆ ನಕ್ಷೆಗಳನ್ನು ಈಗಿನ ನಕ್ಷೆಯ ಪಕ್ಕದಲ್ಲೇ ಇಟ್ಟು ತೋರಿಸುತ್ತದೆ, ಇಂಗ್ಲೆಂಡ್, ವೇಲ್ಸಿನದ್ದೂ ಇದೆ. 'ಬ್ರಿಟನ್ ಫ್ರಮ್ ಅಬವ್'ನಲ್ಲಿ 1919ರಿಂದ ವಿಮಾನದಲ್ಲಿ ತೆಗೆದ ಚಿತ್ರಗಳು. 'ಜಿಯೋಗ್ರಾಫ್'ನಲ್ಲಿ ಈಗಿನ ನೋಟ. ದೇಶದ ಒಂದೊಂದು ಚದರ ಕಿಲೋಮೀಟರಿಗೂ ಫೋಟೋ ಹಾಕುವ ಕೆಲಸವನ್ನು ಹವ್ಯಾಸಿಗಳು 2005ರಿಂದ ಮಾಡುತ್ತಿದ್ದಾರೆ. ಮೂರೂ ಪುಕ್ಕಟೆ ನೋಡಬಹುದು.

ರೈಲು ಹುಚ್ಚ:

ಐವತ್ತು ವರ್ಷ ಬಿಟ್ಟು ಯಾರಾದರೂ ನಮ್ಮ ಕಾಲದ ಫೋಟೋಗೆ ಇಸವಿ ಹುಡುಕಿದರೆ? ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಚಿತ್ರದಲ್ಲಿ ಬಸವಣ್ಣನವರ ಪ್ರತಿಮೆ ಇದ್ದರೆ 2015ರ ನವೆಂಬರ್ ಆದ ಮೇಲಿನದು. ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.

ಬೆಳಗಾವಿ ಹುಡುಗ:

ಇಷ್ಟು ಓದಿದ ಮೇಲೆ ಅಜ್ಜಿಯ ಟ್ರಂಕಿನಲ್ಲಿದ್ದ ಒಂದು ಕಾರ್ಡು ನೆನಪಾಗಿ ತೆಗೆದೆ. ಗುಮ್ಮಟ, ಮಿನಾರುಗಳ ದೊಡ್ಡ ಅರಮನೆ. ಎದುರು ಹುಲ್ಲಿನ ಮೇಲೆ ರುಮಾಲು ಕಟ್ಟಿದ ನಮ್ಮವರು, ಕೆಲವರು ಕೂತಿದ್ದಾರೆ, ಒಬ್ಬನ ಕೈ ಜೋಲಿಪಟ್ಟಿಯಲ್ಲಿದೆ. ಕೆಳಗೆ ಇಂಗ್ಲಿಷ್ ಅಕ್ಷರ ಅಳಿಸಿಹೋಗಿದೆ. ಲಖನೌ ಅಥವಾ ಜೈಪುರ ಇರಬಹುದಾ? ಹಿಂದೆ ನಡುಗೆರೆ ಇದೆ, ಸ್ಟಾಂಪು ಇಲ್ಲ.

ಹಳೇ ಕಾರ್ಡು:

ಗುಮ್ಮಟಗಳು ಈರುಳ್ಳಿ ಆಕಾರದಲ್ಲಿದ್ದು, ಎದುರು ಗಾಯಾಳುಗಳಿದ್ದರೆ ಅದು ಬಹುಶಃ ಲಖನೌ ಅಲ್ಲ ತಮ್ಮ, ಇಂಗ್ಲೆಂಡಿನ ಬ್ರೈಟನ್! ರಾಯಲ್ ಪೆವಿಲಿಯನ್. ಆಗಿನ ಯುವರಾಜ ಜಾರ್ಜನಿಗೆ ಜಾನ್ ನ್ಯಾಶ್ ಅನ್ನುವವನು ಹಿಂದೂಸ್ತಾನಿ ಅರಮನೆಯ ಮಾದರಿಯಲ್ಲಿ ಕಟ್ಟಿಕೊಟ್ಟದ್ದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ ಭಾರತದ ಸೈನಿಕರಿಗೆ ಅದನ್ನು ಆಸ್ಪತ್ರೆ ಮಾಡಿದ್ದರು, 1914ರ ಡಿಸೆಂಬರಿನಿಂದ 1916ರ ಜನವರಿ ತನಕ. ತೂಗುದೀಪಗಳ ಕೆಳಗೆ ಸಾಲು ಮಂಚ. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನೀರಿನ ನಲ್ಲಿ, ಅಡುಗೆಮನೆಗಳೂ ಬೇರೆ. ಸೈನಿಕರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅಂತ ತೋರಿಸಲು ಚಿತ್ರ ತೆಗೆಸಿ, ಕಾರ್ಡು ಮಾಡಿ ಹಂಚಿದರು. ಹಾಗಾಗಿ ನಿಮ್ಮ ಚಿತ್ರಕ್ಕೆ ಇಸವಿ ಬಹುತೇಕ ಸಿಕ್ಕಿತು. ಹಿಂದೆ ಏನಾದರೂ ಬರೆದಿದೆಯಾ?

ಬೆಳಗಾವಿ ಹುಡುಗ:

ಪೆನ್ಸಿಲಿನಲ್ಲಿ ನಾಲ್ಕು ಸಾಲು ಇದೆ. ಕನ್ನಡ ಅಲ್ಲ, ದೇವನಾಗರಿಯೂ ಅಲ್ಲ. ಅಪ್ಪ ನೋಡಿ, ಹಿಂದೆ ಮರಾಠಿ ಬರೆಯುತ್ತಿದ್ದ 'ಮೋಡಿ ಅಕ್ಷರ' ಅಂತಿದ್ದಾರೆ. ಮನೆಯಲ್ಲಿ ಯಾರಿಗೂ ಓದಲು ಬರಲ್ಲ.

ಸಾಗರದ ಕಡೆಯವಳು:

ಬೆಳಗಾವಿ, ಧಾರವಾಡದ ಕಡೆ ಹಳೆ ಜಮೀನು ಕಾಗದ ಮೋಡಿಯಲ್ಲೇ ಇರುತ್ತವಲ್ಲ, ಅದನ್ನು ಓದಿಕೊಡುವವರು ಈಗಲೂ ಸಿಗುತ್ತಾರೆ. ಕಾರ್ಡನ್ನು ಅವರ ಕೈಗೆ ಕೊಡಬೇಡಿ, ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಅಕ್ಷರ ಉಜ್ಜಿದರೆ ಹೋಗುತ್ತದೆ.

ಹಳೇ ಕಾರ್ಡು:

ಸ್ಕ್ಯಾನ್ 600 ಡಿಪಿಐಗಿಂತ (ಚಿತ್ರದ ಸ್ಪಷ್ಟತೆಯ ಅಳತೆ) ಕಡಿಮೆ ಬೇಡ. ಹಿಂಬದಿಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದವರ ಹೆಸರು, ನಂಬರ್ ಇದ್ದರೆ ಅದನ್ನೂ ಇಲ್ಲಿ ಹಾಕಿ.